ವಾರ್ತೆಯ ಹೊತ್ತಿನ ಪಾಯಸ

ಗಸಗಸೆ ಪಾಯಸದ ವಾಸನೆ ಮೂಗಿಗೆ ಬಡಿದರೆ ನಾನು ಇವತ್ತಿಗೂ ಮುಖ ಪಕ್ಕಕ್ಕೆ ತಿರುಗಿಸುತ್ತೇನೆ. ಮದುವೆ ಮನೆಗಳಲ್ಲಿ ಬಡಿಸುವವರು ಬಲವಂತ ಮಾಡಿದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತೇನೆ. ಪಾಪ, ಮುದುಕಿಗೆ ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡು ಅವರು ಮುಂದಿನ ಎಲೆಗೆ ಹೋಗುತ್ತಾರೆ. ನನಗೆ ಯಾವ ಕಾಯಿಲೆಯೂ ಇಲ್ಲ. ಅರಸೀಕೆರೆಯಲ್ಲಿ ನಾನು ಬೆಳೆದ ಮನೆಯಲ್ಲಿ ಆ ಪಾಯಸವನ್ನು ಹಬ್ಬಕ್ಕೂ ಮಾಡುತ್ತಿರಲಿಲ್ಲ, ನೆಂಟರು ಬಂದರೂ ಮಾಡುತ್ತಿರಲಿಲ್ಲ. ಯಾರದಾದರೂ ಕೆಲಸ ಹೋಗುವ ದಿನ ಮಾಡುತ್ತಿದ್ದರು. ಮಾಡುತ್ತಿದ್ದವಳು ನನ್ನ ಅವ್ವ, ಮಾಡಿಸುತ್ತಿದ್ದವರು ಅಪ್ಪಾಜಿ. ಇಬ್ಬರೂ ಈಗ ಇಲ್ಲ, ಆದ್ದರಿಂದ ಬರೆಯಬಹುದು. ಇದ್ದಿದ್ದರೂ ಬರೆಯುತ್ತಿದ್ದೆ ಅನ್ನಿ, ಆದರೆ ಇಷ್ಟು ಸಲೀಸಾಗಿ ಅಲ್ಲ.

ನಮ್ಮ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಮನೆ ನಮ್ಮದಲ್ಲ, ಸಾಹುಕಾರರದು. ಅವರಿಗೆ ತೆಂಗಿನ ತೋಟಗಳಿದ್ದವು, ಕೊಬ್ಬರಿ ಮಂಡಿ ಇತ್ತು, ಅದರ ಜೊತೆಗೆ ಬಾಣಾವರ, ಜಾವಗಲ್ಲು, ಹಳೇಬೀಡಿನ ಮೇಲೆ ಬೇಲೂರಿಗೆ ಹೋಗಿ ಬರುವ ಬಸ್ಸುಗಳಿದ್ದವು. ಅಪ್ಪಾಜಿ ಆ ಬಸ್ಸುಗಳ ಮ್ಯಾನೇಜರು. ನಮ್ಮ ಹಜಾರದ ತಲೆಯ ಮೇಲೆ ದೊಡ್ಡ ಅಟ್ಟ. ಅದರ ತುಂಬ ಸಾಹುಕಾರರ ತೆಂಗಿನಕಾಯಿ. ಸಿಪ್ಪೆ ಸಮೇತ ವರ್ಷಗಟ್ಟಲೆ ಒಣಗಿ, ಒಳಗೇ ಕೊಬ್ಬರಿ ಗಿಟುಕಾಗಿ, ಅಲ್ಲಾಡಿಸಿದರೆ ಲೊಟಲೊಟ ಅನ್ನುವವರೆಗೆ ಅವು ಅಲ್ಲೇ ಬಿದ್ದಿರಬೇಕು. ನಾವು ಅವುಗಳ ಕೆಳಗೆ ಉಣ್ಣಬೇಕು, ಮಲಗಬೇಕು, ಓದಬೇಕು. ಅಟ್ಟದ ಬೊಂಬುಗಳ ಸಂದಿಯಿಂದ ಸಿಪ್ಪೆಯ ಪುಡಿ, ಇಲಿಯ ಹಿಕ್ಕೆ ಉದುರುತ್ತಿತ್ತು. ಅನ್ನ ಬಡಿಸಿದ ತಟ್ಟೆಗೆ ಕೈ ಮುಚ್ಚಿಕೊಂಡೇ ಅವ್ವ ಅಡುಗೆಮನೆಯಿಂದ ಹಜಾರಕ್ಕೆ ಬರುತ್ತಿದ್ದಳು. ಅಟ್ಟ ಖಾಲಿ ಮಾಡಿಸಿ ಎಂದು ಸಾಹುಕಾರರನ್ನು ಕೇಳುವುದಕ್ಕೆ ಅಪ್ಪಾಜಿಗೆ ಬಾಯಿ ಬರಲಿಲ್ಲ. ಅವರಿಗೆ ಕಷ್ಟದ ಮಾತು ಯಾವುದೂ ಬಾಯಿಗೆ ಬರುತ್ತಿರಲಿಲ್ಲ, ಮೇಲಿನವರ ಹತ್ತಿರವೂ ಇಲ್ಲ, ಕೆಳಗಿನವರ ಹತ್ತಿರವೂ ಇಲ್ಲ.

ಆದರೆ ಅವರ ಕೆಲಸದಲ್ಲಿ ಇದ್ದದ್ದೇ ಕಷ್ಟದ ಮಾತು. ಸಾಹುಕಾರರದು ಬಾಯಲ್ಲಿ ಬೆಲ್ಲ. ಡ್ರೈವರನಾಗಲಿ ಕಂಡಕ್ಟರನಾಗಲಿ ಎದುರಿಗೆ ಬಂದರೆ ಹೆಗಲ ಮೇಲೆ ಕೈಹಾಕಿ, ಮಕ್ಕಳ ಹೆಸರು ಹಿಡಿದು ವಿಚಾರಿಸುವರು. ಅವನು ಆ ಕಡೆ ಹೋಗುತ್ತಲೇ ಅಪ್ಪಾಜಿಗೆ, "ಇವನ್ನ ತೆಗೆದ್ಬುಡಿ, ಆದ್ರೆ ಮನಸ್ಸಿಗೆ ನೋವಾಗ್ಬಾರ್ದು" ಎಂದು ಹೇಳುವರು. ನೋವಾಗದ ಹಾಗೆ ಕುತ್ತಿಗೆ ಕುಯ್ಯುವ ಕೆಲಸ ಅಪ್ಪಾಜಿಯ ಪಾಲಿಗೆ. ಮೊದಮೊದಲು ಆಫೀಸಿನಲ್ಲೇ ಹೇಳುತ್ತಿದ್ದರಂತೆ. ಕೆಂಪಯ್ಯ ಎಂಬ ಡ್ರೈವರನಿಗೆ ಹೀಗೆ ಹೇಳಿದಾಗ ಅವನು ಕಾಲಲ್ಲಿದ್ದ ಮೆಟ್ಟು ಕಳಚಿ, ಮೇಜಿನ ಮೇಲೆ ಟಿಕೆಟ್ ಪುಸ್ತಕಗಳ ಪಕ್ಕದಲ್ಲಿ ಇಟ್ಟು ಕೇಳಿದನಂತೆ:

"ಏನ್ಲಾ ಅಂದೆ? ಇನ್ನೊಂದ್ಸಲ ಅನ್ನು ಮತ್ತೆ."

ಬೇಲೂರು ಬಸ್ಸಿಗೆ ಕಾದಿದ್ದವರೆಲ್ಲ ಕಿಟಕಿಗೆ ಮುಖ ಒತ್ತಿ ನೋಡಿದರು. ಅಪ್ಪಾಜಿ ಇನ್ನೊಂದು ಸಲ ಅನ್ನಲಿಲ್ಲ. ಅವತ್ತು ಮನೆಗೆ ಬಂದವರು ಮೈಮೇಲೆ ನೀರು ಸುರಿದುಕೊಂಡು ಸುಮ್ಮನೆ ಕೂತಿದ್ದರು ಎಂದು ಅವ್ವ ಹೇಳುತ್ತಿದ್ದಳು. ಕೂತು ಕೂತು ಅವರು ಕಂಡುಕೊಂಡ ಉಪಾಯವೇ ಊಟ. ಇನ್ನು ಮುಂದೆ ತೆಗೆಯಬೇಕಾದವನನ್ನು ಸಂಜೆ ಮನೆಗೆ ಕರೆಯುವುದು, ಎಲೆ ಹಾಕಿ, ಪಾಯಸ ಬಡಿಸಿ, ಎಲೆ ಅಡಿಕೆ ಕೊಟ್ಟು, ಜಗಲಿಯ ಮೇಲೆ ಕೂರಿಸಿಕೊಂಡು ವಿಷಯ ಹೇಳುವುದು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುವ ಮಾತು ನಮ್ಮ ಕಡೆ ಎಂಥ ಪುಂಡನಿಗೂ ಗೊತ್ತು. ಹೊಟ್ಟೆಯಲ್ಲಿ ಇನ್ನೂ ಬಿಸಿಯಾಗಿರುವ ಅನ್ನ ಹಾಕಿದವರಿಗೆ ಯಾವನೂ ಮೆಟ್ಟು ತೋರಿಸಲಾರ. ಗಸಗಸೆ ಬೇರೆ ಮೈ ಮನಸ್ಸು ಎರಡನ್ನೂ ಮಂಕು ಮಾಡುತ್ತದೆ. ಬಂದವನ ಜಾತಿ ನೋಡಿ ಎಲೆ ಹಾಕುವ ಜಾಗ ಹಜಾರದಿಂದ ಜಗಲಿಗೆ, ಜಗಲಿಯಿಂದ ಹಿತ್ತಿಲ ಕಟ್ಟೆಗೆ ಬದಲಾಗುತ್ತಿತ್ತು. ಪಾಯಸ ಮಾತ್ರ ಎಲ್ಲರಿಗೂ ಒಂದೇ ಪಾತ್ರೆಯದು.

ಅವ್ವನಿಗೆ ಇದು ಗೊತ್ತಿತ್ತೇ ಎಂದರೆ, ಗೊತ್ತಿತ್ತು. ಬೆಳಿಗ್ಗೆ ಅಪ್ಪಾಜಿ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ, ಕೋಟು ಹಾಕಿಕೊಳ್ಳುತ್ತ, ಗೋಡೆಗೆ ಹೇಳುವವರ ಹಾಗೆ, "ಇವತ್ತು ಒಬ್ಬರು ಊಟಕ್ಕೆ ಬತ್ತಾರೆ" ಅನ್ನುವರು. ಅವ್ವ ಯಾರು ಎಂದು ಕೇಳುತ್ತಿರಲಿಲ್ಲ. ಗಸಗಸೆ ಹುರಿದು, ಕಾಯಿ ತುರಿದು, ಒರಳಿನ ಮುಂದೆ ಕೂತು ರುಬ್ಬುವಾಗ ಅವಳ ತುಟಿ ಬಿಗಿದುಕೊಂಡಿರುತ್ತಿತ್ತು. ಅಷ್ಟು ಕೈರುಚಿಯಿದ್ದವಳು ಆ ಪಾಯಸವನ್ನು ಒಂದು ತೊಟ್ಟು ನಾಲಗೆಗೆ ಇಟ್ಟುಕೊಂಡು ರುಚಿ ನೋಡಿದ್ದನ್ನು ನಾನು ಕಾಣೆ. ಊಟವಾದ ಮೇಲೆ ಜಗಲಿಯಲ್ಲಿ ಒಬ್ಬ ಕ್ಲೀನರ್ ಅಪ್ಪಾಜಿಯ ಕಾಲು ಹಿಡಿದುಕೊಂಡು ಅತ್ತದ್ದನ್ನು ನಾವಿಬ್ಬರೂ ಕಿಟಕಿಯಿಂದ ನೋಡಿದ್ದೆವು. ಅವನ ಮೀಸೆಗೆ ಪಾಯಸ ಮೆತ್ತಿಕೊಂಡಿತ್ತು. ಅಪ್ಪಾಜಿ ಕಾಲು ಬಿಡಿಸಿಕೊಳ್ಳುತ್ತ, "ಏಳಪ್ಪಾ, ಏಳಪ್ಪಾ, ಅಕ್ಕಪಕ್ಕದೋರು ನೋಡ್ತಾರೆ" ಅನ್ನುತ್ತಿದ್ದರು. ನನಗೆ ಆ ಮೀಸೆಯನ್ನು ಕಂಡು ಹೇಸಿಗೆಯಾಯಿತೋ, ಆ ಕಾಲನ್ನು ಕಂಡೋ, ಆಗ ಬೇರೆ ಮಾಡಿ ಹೇಳಲು ಬರುತ್ತಿರಲಿಲ್ಲ. ಈಗ ಬರುತ್ತದೆ. ಕಾಲನ್ನು ಕಂಡು.

ಅಷ್ಟರಲ್ಲಿ ರೇಡಿಯೋ ಬಂತು. ಸಾಹುಕಾರರು ತಮಗೆ ಹೊಸದು ತರಿಸಿಕೊಂಡು ಹಳೆಯದನ್ನು ನಮ್ಮ ಮನೆಗೆ ಕಳಿಸಿದರು. ಮರದ ದೊಡ್ಡ ಪೆಟ್ಟಿಗೆ, ಮುಂದೆ ಬಟ್ಟೆಯ ಪರದೆ, ಹಿಂದೆ ಜಿರಲೆಗಳ ಸಂಸಾರ. ಮೊದಲ ದಿನ ಹಾಕಿದಾಗ ಒಳಗಿನ ಬಲ್ಬುಗಳು ಕಾದು, ಸುಟ್ಟ ಜಿರಲೆಯ ನಾತ ಬಂದ ಮೇಲೆಯೇ ಹಾಡು ಬಂದದ್ದು. ಆದರೂ ಬೀದಿಗೆಲ್ಲ ಅದೊಂದೇ ರೇಡಿಯೋ. ಮಾಡಿನ ಮೇಲೆ ಏರಿಯಲ್ ತಂತಿ ಕಟ್ಟಿದ ದಿನದಿಂದ ನಮ್ಮ ಮನೆ ನಮ್ಮದಾಗಿ ಉಳಿಯಲಿಲ್ಲ. ಅದಕ್ಕೆ ಮೊದಲು ದೀಪ ಹಚ್ಚಿದ ಮೇಲೆ ಹಜಾರ ಹೆಂಗಸರದು. ಅವ್ವ, ಅಕ್ಕಪಕ್ಕದ ಮನೆಯವರು ಮೊರ ತಂದು ಕೂತು ಅವರೆಕಾಯಿ ಸುಲಿಯುತ್ತ, ಬತ್ತಿ ಹೊಸೆಯುತ್ತ, ಅತ್ತೆಯರನ್ನು ಬಯ್ಯುತ್ತ ನಗುತ್ತಿದ್ದರು. ಅವರ ನಡುವೆ ನಾನು ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದೆ. ಓದಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು. ರೇಡಿಯೋ ಬಂದ ವಾರದೊಳಗೆ ಹಜಾರಕ್ಕೆ ಗಂಡಸರು ಬಂದರು, ಹೆಂಗಸರು ಮೊರ ಎತ್ತಿಕೊಂಡು ಹಿತ್ತಿಲಿಗೆ ಹೋದರು. ಹಿತ್ತಿಲಲ್ಲಿ ಸೊಳ್ಳೆ. ಸ್ವಲ್ಪ ದಿನ ಸೊಳ್ಳೆ ಹೊಡೆದುಕೊಂಡು ಕೂತವರು ಆಮೇಲೆ ಬರುವುದನ್ನೇ ಬಿಟ್ಟರು. ದೇಶ ವಿದೇಶದ ಸುದ್ದಿಯೆಲ್ಲ ಮನೆಯೊಳಗೆ ಬಂತು ಎಂದು ಜನ ಹೊಗಳುತ್ತಾರೆ. ನಮ್ಮ ಮನೆಯಲ್ಲಿ ಅದು ಬಂದ ಬಾಗಿಲಿನಿಂದಲೇ ಪಕ್ಕದ ಮನೆಯ ಸುದ್ದಿ ಹೊರಗೆ ಹೋಯಿತು.

ಬಂದ ಗಂಡಸರ ಬಗ್ಗೆ ಏನು ಹೇಳಲಿ. ಮಂಡಿ ರುದ್ರಪ್ಪನವರಿಗೆ ವಾರ್ತೆ ಬೇಕಿರಲಿಲ್ಲ, ಅದರ ಹಿಂದೆಯೇ ಬರುವ ಕೊಬ್ಬರಿ ಧಾರಣೆ ಬೇಕಿತ್ತು. ಅದು ಬರುವ ತನಕ ನಶ್ಯ ಏರಿಸುತ್ತ, ಬೆರಳನ್ನು ಚಾಪೆಯ ಅಂಚಿಗೆ ಒರೆಸುತ್ತ ಕೂರುತ್ತಿದ್ದರು. ಬೆಳಿಗ್ಗೆ ಆ ಚಾಪೆ ಸುತ್ತಿಡುವವಳು ನಾನು. ಇಂಥವರು ದಿನಾ ತಲೆ ಒರಗಿಸಿ ಒರಗಿಸಿ ಸುಣ್ಣದ ಗೋಡೆಯ ಮೇಲೆ ಸಾಲಾಗಿ ಎಣ್ಣೆಯ ಕಲೆಗಳಾದವು. ಯಾವ ಕಲೆ ಯಾರದು ಎಂದು ನಾನು ಹೇಳಬಲ್ಲವಳಾಗಿದ್ದೆ. ಎದುರು ಮನೆಯ ಮೇಷ್ಟ್ರದು ಇನ್ನೊಂದು ಬಗೆ. ರೇಡಿಯೋದವರು ಹೇಳಿದ್ದನ್ನೇ ಅವರು ಇನ್ನೊಮ್ಮೆ ಮೆಲ್ಲಗೆ ಹೇಳಿ ತಲೆ ಆಡಿಸುವರು, ಬೇರೆ ಯಾರಾದರೂ ಕೆಮ್ಮಿದರೆ ಮಾತ್ರ "ಶ್!" ಎಂದು ಕಣ್ಣು ಬಿಡುವರು. ಹೀಗಾಗಿ ವಾರ್ತೆಯ ಹೊತ್ತಿಗೆ ನಮ್ಮ ಹಜಾರದಲ್ಲಿ ಗುಡಿಯಲ್ಲೂ ಇರದಂಥ ಮೌನ. ಮಕ್ಕಳು ಅಳುವಂತಿಲ್ಲ. ಅಡುಗೆಮನೆಯಲ್ಲಿ ಅವ್ವ ಒಗ್ಗರಣೆ ಹಾಕುವಂತಿಲ್ಲ, ಸಾಸಿವೆ ಸಿಡಿದರೆ ಮೇಷ್ಟ್ರ ಮುಖ ಹುಳ್ಳಗಾಗುತ್ತಿತ್ತು. ಹೊಟ್ಟೆ ಹಸಿದು ನಾನು ಬಾಗಿಲಲ್ಲಿ ಕೂತು ಯಾವ ಮಂತ್ರಿ ಯಾವ ಅಣೆಕಟ್ಟಿಗೆ ಕಲ್ಲು ಹಾಕಿದನೆಂದು ಕೇಳಬೇಕಾಗಿತ್ತು.

ಈ ಮೌನದ ಉಪಯೋಗ ಅಪ್ಪಾಜಿಗೆ ಬಲುಬೇಗ ಹೊಳೆಯಿತು. ಜಗಲಿಯಲ್ಲಿ ಹೇಳಿದರೆ ಬಂದವನು ಅಳಬಹುದು, ಯಾಕೆ ಎಂದು ಕೇಳಬಹುದು. ವಾರ್ತೆ ನಡೆಯುವಾಗ ಹಜಾರದಲ್ಲಿ, ಒಳಗೆ ಕರೆಯಲಾಗದ ಜಾತಿಯವನಾದರೆ ಅದರ ಹೊಸ್ತಿಲಲ್ಲಿ, ಹತ್ತು ಜನರ ನಡುವೆ, ಕಿವಿಯ ಹತ್ತಿರ ಬಾಗಿ ಹೇಳಿದರೆ ಅವನು ಬಾಯಿ ತೆರೆಯುವ ಹಾಗೇ ಇಲ್ಲ. ತೆರೆದರೆ ಮೇಷ್ಟ್ರು ಇದ್ದಾರಲ್ಲ, ಶ್ ಅನ್ನಲು. ಉಂಡದ್ದರಿಂದ ಅರ್ಧ ಬಾಯಿ ಕಟ್ಟಿದ್ದರೆ ರೇಡಿಯೋ ಉಳಿದರ್ಧ ಕಟ್ಟಿತು. ಅಷ್ಟೇ ಅಲ್ಲ, ದಿನಾ ಕೇಳಿ ಕೇಳಿ ಅಪ್ಪಾಜಿಯ ಮಾತೂ ಬದಲಾಯಿತು. "ಸಾಹುಕಾರ್ರು ಬೇಡ ಅಂದ್ರು ಕಣಪ್ಪ" ಅನ್ನುತ್ತಿದ್ದವರು, ಈಗ "ನಿಮ್ಮ ಸೇವೆಯ ಅಗತ್ಯವಿಲ್ಲವೆಂದು ತೀರ್ಮಾನಿಸಲಾಗಿದೆ" ಅನ್ನತೊಡಗಿದರು. ಯಾರು ತೀರ್ಮಾನಿಸಿದ್ದು? ಯಾರೂ ಅಲ್ಲ. ಮಳೆ ಬಿದ್ದ ಹಾಗೆ, ರೈಲು ತಡವಾದ ಹಾಗೆ, ಅದು ತಾನಾಗಿ ಆದದ್ದು. ಕೇಳಿದವನು ತಲೆ ತಗ್ಗಿಸಿಕೊಂಡು ಸ್ವಲ್ಪ ಹೊತ್ತು ವಾರ್ತೆಯನ್ನೇ ಕೇಳುತ್ತಿರುವವನ ಹಾಗೆ ಕೂತು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಎಲ್ಲರ ಕಾಲು ದಾಟಿಕೊಂಡು ಹೋಗಿಬಿಡುತ್ತಿದ್ದ. ಎಷ್ಟು ಚೊಕ್ಕ! ಅಪ್ಪಾಜಿ ಅವತ್ತು ರಾತ್ರಿ ಗೊರಕೆ ಹೊಡೆಯುತ್ತಿದ್ದರು. ಬೀದಿಯವರಿಗೆ ಇದು ಗೊತ್ತಾಗದೆ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅದು ಗಾದೆಯಾಗಿಹೋಗಿತ್ತು. "ಅವನಿಗೂ ಪಾಯಸ ಆಯ್ತಂತಲ್ಲ" ಎಂದರೆ ಕೆಲಸ ಹೋಯಿತು ಎಂದು ಅರ್ಥ. ಗೊತ್ತಿದ್ದೂ ದಿನಾ ಬಂದು ಕೂರುತ್ತಿದ್ದ ಆ ಜನರ ಮೇಲೆ ನನಗೆ ಅಪ್ಪಾಜಿಯ ಮೇಲಿನಷ್ಟೇ ಅಸಹ್ಯವಿತ್ತು.

ಒಂದು ದಿನ ಬೆಳಿಗ್ಗೆ ಅಪ್ಪಾಜಿ ಕೋಟು ಹಾಕಿಕೊಳ್ಳುತ್ತ ಅದೇ ಮಾತು ಹೇಳಿದರು. ಅವ್ವ ಗಸಗಸೆ ಡಬ್ಬಿ ಇಳಿಸಿದಳು. ಸಂಜೆ ಬೇಲೂರಿನ ಬಸ್ಸು ಬಂದ ಸದ್ದಾಗಿ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ "ಅಕ್ಕಾ" ಎಂದು ಕೂಗಿದ್ದು ಶಿವಣ್ಣ ಮಾವ. ಅವ್ವನ ಒಬ್ಬನೇ ತಮ್ಮ. ಹಳೇಬೀಡಿನಲ್ಲಿ ನಮ್ಮ ಬಸ್ಸುಗಳಿಗೆ ಏಜೆಂಟು: ಟಿಕೆಟ್ ಕೊಡುವುದು, ಮೂಟೆ ಹತ್ತಿಸುವುದು, ಹುಲಿಕೆರೆ ಕಡೆಯಿಂದ ಮದುವೆ ದಿಬ್ಬಣ ಬರುತ್ತಿದೆ ಎಂದರೆ ಡ್ರೈವರನ ಕೈಕಾಲು ಹಿಡಿದು ಬಸ್ಸು ನಿಲ್ಲಿಸಿಕೊಂಡಿರುವುದು. ಬಸ್ಸು ನಿಲ್ಲುವ ಕಡೆ ಕಂಪನಿಯ ಒಂದು ಕೋಣೆ ಇತ್ತು, ಅದರ ಹಿಂದೆಯೇ ಎರಡು ಅಂಕಣದ ಮನೆ. ಕೆಲಸ ಇರುವಷ್ಟು ದಿನ ಮನೆ. ಅಲ್ಲಿ ಮಾವ, ಅತ್ತೆ, ಎದ್ದು ಓಡಾಡಲು ಆಗದ ನನ್ನ ಅಜ್ಜಿ. ಅವ್ವನಿಗೆ ತವರು ಎಂದು ಉಳಿದಿದ್ದದ್ದು ಆ ಎರಡು ಅಂಕಣ.

ಅವನು ಬಂದದ್ದು ನೋಡಿ ಅವ್ವ ಮೊದಲು ಖುಷಿಪಟ್ಟಳು. ಚೆಂಬು ತುಂಬಿ ನೀರು ಕೊಟ್ಟಳು.

"ಏನೋ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ? ಅವ್ವ ಹೆಂಗವ್ಳೆ?"

"ಚೆನ್ನಾಗವ್ಳೆ ಕಣಕ್ಕ. ಭಾವನೇ ಹೇಳ್ಕಳ್ಸಿದ್ರು, ಊಟಕ್ಕೆ ಬಾ, ಹಂಗೇ ರೇಡಿಯೋ ಕೇಳ್ಕಂಡು ಹೋಗು ಅಂತ. ನಾನೂ ಎಷ್ಟ್ ದಿನದಿಂದ ಅಂತಿದ್ದೆ."

ಖಾಲಿ ಚೆಂಬು ಇಸಿದುಕೊಳ್ಳಲು ಚಾಚಿದ ಅವ್ವನ ಕೈ ಅಲ್ಲೇ ನಿಂತಿತು. ನನಗೂ ಗೊತ್ತಾಯಿತು. ಗೊತ್ತಾಗದೆ ಇದ್ದದ್ದು ಅವನೊಬ್ಬನಿಗೆ. ಪಾಯಸದ ಗಾದೆ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಹಳೇಬೀಡಿನಲ್ಲಿ ಬಸ್ಸಿನವರ ಜೊತೆ ಸೇರಿ ಅದನ್ನು ಹೇಳಿಕೊಂಡು ನಕ್ಕವನೇ. ಆದರೆ ಕಂಡಕ್ಟರನಿಗೆ ಬರುವ ಕರೆಯೂ ಭಾವಮೈದುನನಿಗೆ ಬರುವ ಕರೆಯೂ ಒಂದೇ ಎಂದು ಯಾರು ತಾನೇ ಎಣಿಸಿಯಾರು? ಅಕ್ಕನ ಮನೆಯಲ್ಲಿ ತಮ್ಮನಿಗೆ ಎಲೆ ಹಾಕುವುದು ಇರುವುದೇ. ಅವನು ಹಸನಾದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದ. ನನಗೆ ಸೀಬೆಹಣ್ಣು ತಂದಿದ್ದ.

ಅಪ್ಪಾಜಿ ಬಂದರು. ಅವ್ವ ಅಡುಗೆಮನೆಗೆ ಅವರನ್ನು ಕಣ್ಣಲ್ಲೇ ಕರೆದಳು. ಅವರು ಬರಲಿಲ್ಲ, ಹಜಾರದಲ್ಲೇ ನಿಂತು ಮಾವನ ಹತ್ತಿರ ದಾರಿಯ ಧೂಳಿನ ಮಾತಾಡಿದರು. ಇಬ್ಬರಿಗೂ ಎಲೆ ಹಾಕಿದ್ದಾಯಿತು. ಅವ್ವ ಮುದ್ದೆ ಬಡಿಸಿದಳು, ಸಾರು ಬಡಿಸಿದಳು, ಅನ್ನ ಬಡಿಸಿದಳು. ಪಾಯಸದ ಪಾತ್ರೆ ಒಲೆಯ ಪಕ್ಕದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಕೊನೆಗೆ ಅಪ್ಪಾಜಿಯೇ ಕೂಗಿದರು:

"ಪಾಯ್ಸ ತಾರೇ."

ಅವ್ವ ತಂದಳು. ಸೌಟು ಎತ್ತಿದಾಗ ಮಾವ ನಕ್ಕು ಹೇಳಿದ:

"ಏನಕ್ಕ, ಪಾಯ್ಸನೇ ಮಾಡ್ಬುಟ್ಟಿದ್ದೀಯಾ? ಭಾವ ನನ್ನೂ ಮನೆಗೆ ಕಳಿಸ್ಬುಡ್ತಾರೋ ಹೆಂಗೆ?"

ಅಪ್ಪಾಜಿಯೂ ನಕ್ಕರು. ನಾನು ಎಷ್ಟೋ ಕೆಟ್ಟದ್ದನ್ನು ಕಂಡಿದ್ದೇನೆ, ಆದರೆ ಆ ನಗುವಿನಷ್ಟು ಹೊಲಸಾದದ್ದನ್ನು ಕಂಡ ನೆನಪಿಲ್ಲ. ಹಲ್ಲಿನ ಸಂದಿಯಲ್ಲಿ ಸೊಪ್ಪು ಸಿಕ್ಕಿಕೊಂಡಿತ್ತು. ಅವ್ವ ಪಾಯಸ ಬಡಿಸಿದಳು. ಯಾಕೆ ಬಡಿಸಿದಳು ಎಂದು ನಾನು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ. "ಎಲೆ ಮುಂದೆ ಕೂತೋನ ಹತ್ರ ಏನ್ ಹೇಳ್ಲೇ? ಉಣ್ಣೋ ಹೊತ್ತಲ್ಲಿ ಹೇಳ್ಬಾರ್ದು ಅಂತ ಸುಮ್ನಾದೆ" ಅಂದಳು. ಮಾವ ಎರಡನೆಯ ಸಲ ಹಾಕಿಸಿಕೊಂಡು ಕುಡಿದ.

ಅವನು ಕೈ ತೊಳೆಯುವಷ್ಟರಲ್ಲಿ ಹಜಾರ ತುಂಬಿತ್ತು. ರುದ್ರಪ್ಪನವರು ತಮ್ಮ ಕಲೆಗೆ ತಲೆ ಒರಗಿಸಿದ್ದರು. ಮೇಷ್ಟ್ರು ರೇಡಿಯೋಕ್ಕೆ ಎದುರಾಗಿ ಚಕ್ಕಲಮಕ್ಕಲ ಹಾಕಿದ್ದರು. ಅಪ್ಪಾಜಿ ಮಾವನನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ತಿರುಪು ತಿರುಗಿಸಿದರು. ಪೆಟ್ಟಿಗೆಯ ಮುಂದೆ ಹಳದಿ ದೀಪ ಹತ್ತಿದಾಗ ಮಾವ ಮಗುವಿನ ಹಾಗೆ ಮುಖ ಅರಳಿಸಿದ. ವಾರ್ತೆ ಶುರುವಾಯಿತು. ಮೇಷ್ಟ್ರು ತಲೆ ಆಡಿಸತೊಡಗಿದರು. ಅಡುಗೆಮನೆಯ ಬಾಗಿಲಲ್ಲಿ ಅವ್ವ, ಅವಳ ಸೆರಗು ಹಿಡಿದು ನಾನು. ಅಪ್ಪಾಜಿ ಮಾವನ ಕಿವಿಯ ಕಡೆ ಬಾಗಿದ್ದು ಕಂಡಿತು. ತುಟಿ ಅಲುಗಿದ್ದು ಕಂಡಿತು. ಮಾವ ನಗುತ್ತಲೇ ಕಿವಿಗೆ ಕೈ ಒಡ್ಡಿ, ಕೇಳಿಸಲಿಲ್ಲ ಎನ್ನುವ ಹಾಗೆ ಇನ್ನೂ ಹತ್ತಿರ ಸರಿದ. ಅಪ್ಪಾಜಿ ದನಿ ಸ್ವಲ್ಪ ಏರಿಸಿಕೊಂಡು ಮತ್ತೆ ಶುರುಮಾಡಿದರು.

ಅವ್ವ ನನ್ನ ಕೈಯಿಂದ ಸೆರಗು ಬಿಡಿಸಿಕೊಂಡಳು. ಗಂಡಸರು ಕೂತ ಹಜಾರಕ್ಕೆ ಅವಳು ಆವರೆಗೆ ಕಾಲಿಟ್ಟವಳಲ್ಲ. ರುದ್ರಪ್ಪನವರ ಚಾಚಿದ ಕಾಲು ದಾಟಿ, ಮೇಷ್ಟ್ರ ಪಕ್ಕದಲ್ಲಿ ಹಾದು, ಪೆಟ್ಟಿಗೆಯ ಹತ್ತಿರ ಹೋಗಿ ತಿರುಪು ತಿರುಗಿಸಿ ಆರಿಸಿಬಿಟ್ಟಳು. ವಾರ್ತೆ ಓದುವವನ ದನಿ ಅರ್ಧಕ್ಕೇ ನಿಂತಿತು. ಅಪ್ಪಾಜಿಯದು ನಿಲ್ಲಲಿಲ್ಲ. ರೇಡಿಯೋದ ಮೇಲೆ ಕೇಳಿಸಲೆಂದು ಏರಿಸಿದ್ದ ಅವರ ದನಿ ಆ ಮೌನದಲ್ಲಿ ಹಜಾರದ ಮೂಲೆ ಮೂಲೆಗೂ ಕೇಳಿಸಿತು:

"...ಹಳೇಬೀಡಿನ ಏಜೆಂಟರ ಸ್ಥಾನವನ್ನು ಮುಂದಿನ ತಿಂಗಳಿನಿಂದ ಬೇರೆಯವರಿಗೆ ವಹಿಸಲಾಗಿದೆ, ಮನೆಯನ್ನೂ ತೆರವು..."

ಅಲ್ಲಿಗೆ ಅವರೂ ನಿಲ್ಲಿಸಿದರು. ಅಟ್ಟದ ಮೇಲೆ ಇಲಿಯೊಂದು ಓಡಿತು.

"ಯಾರು ವಹಿಸಿದ್ದು?" ಅವ್ವ ಕೇಳಿದಳು. "ಹೆಸ್ರು ಹೇಳಿ."

ಅಪ್ಪಾಜಿ ಕೋಟಿನ ಗುಂಡಿಗೆ ಕೈಹಾಕಿದರು. ಬಾಯಿ ತೆರೆದವರು ಮೇಷ್ಟ್ರು.

"ಅಮ್ಮಾ, ಇದು ನಿಮ್ಮ ಮನೆ ವಿಚಾರ, ಆಮೇಲೆ ಮಾತಾಡ್ಕೊಳ್ಳಿ. ವಾರ್ತೆ ಇನ್ನೂ ಮುಗಿದಿಲ್ಲ."

"ಧಾರಣೆ ಬರೋ ಹೊತ್ತು ಕಣವ್ವ," ರುದ್ರಪ್ಪನವರು ನಶ್ಯದ ಬೆರಳು ಎತ್ತಿದರು. "ಹಾಕ್ಬುಡು ಅತ್ಲಾಗೆ."

ಒಬ್ಬ ಮನುಷ್ಯನ ಕೆಲಸ, ಅವನ ಮನೆ, ಅವನ ಮುದಿ ತಾಯಿಯ ಸೂರು ಎಲ್ಲ ತಮ್ಮ ಕಣ್ಣೆದುರಿಗೆ ಹೋಗುತ್ತಿರುವಾಗ ಇವರಿಗೆ ಬೇಕಾಗಿದ್ದದ್ದು ಕೊಬ್ಬರಿ ಧಾರಣೆ. ಅವ್ವ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತುಕೊಂಡಳು.

"ಧಾರಣೆ ನಾಳೆ ಮಂಡೀಲಿ ಕೇಳ್ಕಳಿ. ಏನ್ರೀ, ನಿಮ್ಮನ್ನೇ ಕೇಳಿದ್ದು. ಈಗ ಹೇಳಿ ಅವನಿಗೆ. ಮುಖ ನೋಡ್ಕಂಡು ಹೇಳಿ."

"ಬುಡಕ್ಕ," ಮಾವ ಅಂದ. ಅವನ ದನಿ ಬಹಳ ಸಣ್ಣಗಾಗಿತ್ತು. "ಗೊತ್ತಾಯ್ತಲ್ಲ ನಂಗೆ."

"ನಿಂಗೆ ಗೊತ್ತಾದ್ರೆ ಸಾಲ್ದು ಕಣೋ. ಹೇಳೋರಿಗೆ ಗೊತ್ತಾಗ್ಬೇಕು, ಏನ್ ಹೇಳ್ತಾವ್ರೆ ಅಂತ."

ಅಪ್ಪಾಜಿ ಕೋಟಿನ ಗುಂಡಿ ತಿರುವುತ್ತ ಕೂತಿದ್ದರು. ಆಮೇಲೆ, ಒಂದು ಸಲವೂ ತಲೆ ಎತ್ತದೆ, ನಾವೆಲ್ಲ ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಿದರು:

"ನಿನ್ನ ತೆಗೀತಾ ಇದ್ದೀನಿ ಶಿವಣ್ಣ."

"ಯಾಕೆ ಭಾವ?"

ಅಷ್ಟು ದಿನ ಆ ಹಜಾರದಲ್ಲಿ ಯಾರೂ ಕೇಳಲಾಗದೆ ಎದ್ದುಹೋಗಿದ್ದ ಪ್ರಶ್ನೆ ಅದು. ಮೇಷ್ಟ್ರು ಶ್ ಅನ್ನಲಿಲ್ಲ.

"ಸಾಹುಕಾರ್ರ ಬೀಗರ ಕಡೆ ಹುಡುಗ ಒಬ್ಬ ಅವ್ನೆ. ಅವನಿಗೆ ಜಾಗ ಬೇಕಂತೆ."

"ನಂದೇನಾದ್ರೂ ತಪ್ಪು..."

"ಏನೂ ಇಲ್ಲ."

"ಮತ್ತೆ ನೀವು ಏನಂದ್ರಿ ಭಾವ? ಅವ್ರು ಹಂಗಂದಾಗ?"

ಅಪ್ಪಾಜಿ ತಲೆ ಎತ್ತಿದರು. ಮುಖವೆಲ್ಲ ಬೆವತುಹೋಗಿತ್ತು.

"ಆಯ್ತು ಅಂದೆ."

ಮಾವ ಎದ್ದ. ಯಾರ ಕಾಲೂ ತಗಲದ ಹಾಗೆ ದಾಟಿಕೊಂಡು, ಬೀದಿ ಬಾಗಿಲ ಕಡೆಗಲ್ಲ, ಅಡುಗೆಮನೆ ಹಾದು ಹಿತ್ತಿಲಿಗೆ ಹೋದ. ನಾನು ಹಿಂದೆಯೇ ಓಡಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಎರಡು ಬೆರಳು ಗಂಟಲಿಗೆ ಇಳಿಸಿ, ಉಂಡದ್ದನ್ನೆಲ್ಲ ಕಕ್ಕಿದ. ತಾನಾಗಿ ಬಂದ ವಾಂತಿಯಲ್ಲ ಅದು. ನಿಧಾನವಾಗಿ, ಒಂದು ಕೆಲಸ ಮಾಡುವವನ ಹಾಗೆ, ಒಳಗೆ ಏನೂ ಉಳಿದಿಲ್ಲ ಎಂದು ಖಾತ್ರಿಯಾಗುವವರೆಗೆ ಮತ್ತೆ ಮತ್ತೆ ಬೆರಳು ಹಾಕಿ ತೆಗೆದ. ಮುದ್ದೆ, ಅನ್ನ, ಬಿಳಿ ಪಾಯಸ, ಎಲ್ಲ ಕಲ್ಲಿನ ಮೇಲೆ ಬಂತು. ಗೋಡೆಯ ಎಣ್ಣೆ ಕಲೆ ಕಂಡರೆ ಮುಖ ಕಿವುಚುತ್ತಿದ್ದ ನಾನು ಅಲ್ಲೇ ನಿಂತಿದ್ದೆ. ಅಷ್ಟು ಹತ್ತಿರ ನಿಂತರೂ ನನಗೆ ಹೇಸಿಗೆಯಾಗಲಿಲ್ಲ. ಚೆಂಬಿನಲ್ಲಿ ನೀರು ಕೊಟ್ಟೆ. ಬಾಯಿ ಮುಕ್ಕಳಿಸಿ, ಮುಖ ತೊಳೆದುಕೊಂಡು, ಟವೆಲ್ಲಿನಲ್ಲಿ ಒರೆಸಿಕೊಂಡು ಮತ್ತೆ ಹಜಾರಕ್ಕೆ ಬಂದ.

"ಈಗ ನಿಮ್ಮನೆ ಅನ್ನ ನನ್ ಹೊಟ್ಟೇಲಿಲ್ಲ ಭಾವ," ಅಂದ. "ಈಗ ಮಾತಾಡ್ಬೌದು."

ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಕೆಂಪಯ್ಯ ಮೆಟ್ಟು ಮೇಜಿನ್ ಮೇಲಿಟ್ಟ ಅಂತ ಊರೆಲ್ಲ ನಗೋವಾಗ ನಾನು ಜಗಳ ಆಡಿದ್ದೆ, ನಮ್ ಭಾವ ಅಂಥೋರಲ್ಲ ಅಂತ. ಅವ್ನು ಮಾಡಿದ್ದೇ ಸರಿ."

ಅಕ್ಕನಿಗೆ ಬತ್ತೀನಿ ಎಂದು ಹೇಳಿ ಹೊರಟ. ಹಳೇಬೀಡಿಗೆ ಆ ಹೊತ್ತಿನಲ್ಲಿ ಬಸ್ಸಿರಲಿಲ್ಲ. ಇಲ್ಲೇ ಮಲಗು ಎಂದು ಅವ್ವ ಅನ್ನಲಿಲ್ಲ, ಬಾಗಿಲ ತನಕ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟು ಬಂದಳು. ಮೇಷ್ಟ್ರೂ ರುದ್ರಪ್ಪನವರೂ ಉಳಿದವರೂ ಮೆಟ್ಟು ಹುಡುಕಿಕೊಂಡು ಹೋದರು. ಹೋಗುವಾಗ ರುದ್ರಪ್ಪನವರು ರೇಡಿಯೋ ಕಡೆ ಒಮ್ಮೆ ನೋಡಿದ್ದನ್ನು ನಾನು ಕಂಡೆ.

ಕಲ್ಲು ತೊಳೆಯಬೇಕೆಂದು ನಾನು ಕೊಡ ಎತ್ತಿದೆ. ಅವ್ವ ಬಂದು ಕೈ ಹಿಡಿದಳು.

"ಮುಟ್ಬೇಡ. ರುಬ್ಬಿದ್ದು ನಾನು, ಬಡ್ಸಿದ್ದು ನಾನು. ತೊಳೆಯೋದು ಅವರ್ದು."

ಇದನ್ನು ಅವಳು ಹಜಾರಕ್ಕೆ ಕೇಳಿಸುವ ಹಾಗೆ ಹೇಳಿ, ಒಳಗೆ ಹೋಗಿ ಪಾಯಸದ ಪಾತ್ರೆ ಬೋರಲು ಹಾಕಿದಳು. ಅಪ್ಪಾಜಿ ಬರುತ್ತಾರೆ ಎಂದು ನನಗೆ ನಂಬಿಕೆ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂದರು. ಕೋಟು ಬಿಚ್ಚಿದ್ದರು. ಪಂಚೆ ಎತ್ತಿ ಕಟ್ಟಿ, ಮೂಗಿಗೆ ಟವೆಲ್ಲು ಸುತ್ತಿಕೊಂಡು, ತೊಟ್ಟಿಯಿಂದ ನೀರು ಮೊಗೆದು ಕಲ್ಲಿನ ಮೇಲೆ ಹೊಯ್ದರು. ನೀರಿಗೆ ಅದು ಹೋಗಲಿಲ್ಲ. ಪೊರಕೆ ಹುಡುಕಿದರು, ಅದು ಯಾವ ಮೂಲೆಯಲ್ಲಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ನಾನು ತಂದುಕೊಟ್ಟೆ. ಅವರು ಬಗ್ಗಿ ಉಜ್ಜತೊಡಗಿದರು, ನಡುವೆ ಒಮ್ಮೆ ಮುಖ ಪಕ್ಕಕ್ಕೆ ತಿರುಗಿಸಿ ಓಕರಿಸಿದರು. ನಾನು ಲಾಟೀನು ಎತ್ತಿ ಹಿಡಿದೆ. ಬೆಳಕು ಬಿದ್ದದ್ದಕ್ಕೆ ತಿರುಗಿ ನೋಡಿದರು.

"ಅಸಹ್ಯ ಕಣೇ ಪುಟ್ಟಿ. ಒಳಗೆ ಹೋಗು."

"ಇಲ್ಲ ಅಪ್ಪಾಜಿ," ಅಂದೆ, "ನೋಡ್ತೀನಿ."